ಓದುಗರ ಪ್ರಶ್ನೆಗೆ ಉತ್ತರ: ಹಳೆಯ ಅಳತೆಯ ಉಪಕರಣ, ಸಿಗದ ಬಿಡಿಭಾಗ

ಪ್ರಶ್ನೆ: ಪುಣೆಯ ಜೂನಾ ಬಾಜಾರಿನಲ್ಲಿ ಟೆಕ್‌ಟ್ರಾನಿಕ್ಸ್ 465 ಆಸಿಲೋಸ್ಕೋಪ್ (ವಿದ್ಯುತ್ ಸಂಕೇತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ) ಸಿಕ್ಕಿತು. ಆನ್ ಮಾಡಿದರೆ ಪರದೆಯಲ್ಲಿ ಗೆರೆಯೇ ಬರುವುದಿಲ್ಲ. ಹಳೆಯ ಕೆಪಾಸಿಟರುಗಳನ್ನೆಲ್ಲ ಒಟ್ಟಿಗೆ ಬದಲಿಸಲೇ? – ಓದುಗರೊಬ್ಬರು, ಪಿಂಪ್ರಿ

ಉತ್ತರ: ದಯವಿಟ್ಟು ಬೇಡ. ಒಟ್ಟಿಗೆ ಬದಲಿಸಿದರೆ ಮೊದಲಿನ ದೋಷದ ಜೊತೆಗೆ ಹೊಸ ಬೆಸುಗೆಯ ತಪ್ಪೂ ಸೇರಿಕೊಳ್ಳುತ್ತದೆ. ಆಮೇಲೆ ಯಾವುದು ಯಾವುದೆಂದು ಬಿಡಿಸುವುದು ಕಷ್ಟ.

ಇನ್ನೊಮ್ಮೆ ಆನ್ ಮಾಡುವ ಮೊದಲು ಹಿಂಬದಿಯ ವೋಲ್ಟೇಜ್ ಆಯ್ಕೆ ನೋಡಿ. ಅಮೆರಿಕದಿಂದ ಬಂದ ಉಪಕರಣವಾದರೆ ಅದು 115 ವೋಲ್ಟಿನಲ್ಲೇ ಉಳಿದಿರಬಹುದು. ಈಗ ಪ್ಲಗ್ ಕಿತ್ತು, ಫಿಲ್ಟರ್ ಕೆಪಾಸಿಟರುಗಳು ಖಾಲಿಯಾಗಲು ಬಿಟ್ಟು, +110, +55, +15, +5, –8 ವೋಲ್ಟಿನ ಈ ಐದೂ ಸಪ್ಲೈ ಲೈನುಗಳಿಂದ ಗ್ರೌಂಡಿಗೆ ಎಷ್ಟು ಓಮ್ ಎಂದು ಅಳೆಯಿರಿ. ಯಾವುದಾದರೂ ಒಂದೆರಡು ಓಮ್ ತೋರಿಸಿದರೆ ಅಲ್ಲೇ ಶಾರ್ಟ್ ಇದೆ. ಈ ಮಾದರಿಯಲ್ಲಿ ಹೆಚ್ಚಾಗಿ ಕೈಕೊಡುವುದು ಮಣಿಯಂತಹ ಸಣ್ಣ ಟ್ಯಾಂಟಲಮ್ ಕೆಪಾಸಿಟರ್. ಅಲ್ಯೂಮಿನಿಯಂ ಎಲೆಕ್ಟ್ರೊಲಿಟಿಕ್ ಒಣಗಿ ನಿಧಾನವಾಗಿ ಸಾಯುತ್ತದೆ. ಟ್ಯಾಂಟಲಮ್ ಹಾಗಲ್ಲ, ಒಳಗಿನ ಆಕ್ಸೈಡ್ ಪದರ ತೂತಾದ ಕ್ಷಣವೇ ಶಾರ್ಟ್ ಆಗಿ ಇಡೀ ಲೈನನ್ನು ನೆಲಕ್ಕೆ ಎಳೆಯುತ್ತದೆ.

ಒಂದೇ ಲೈನಿನಲ್ಲಿ ಹತ್ತಾರು ಕೆಪಾಸಿಟರುಗಳಿದ್ದಾಗ ಒಂದೊಂದಾಗಿ ಕೀಳಬೇಕಿಲ್ಲ. ಪ್ಲಗ್ ಕಿತ್ತಿಟ್ಟೇ, ಬೆಂಚ್ ಸಪ್ಲೈಯನ್ನು (ವೋಲ್ಟೇಜ್, ಕರೆಂಟ್ ಹೊಂದಿಸಬಲ್ಲ ವಿದ್ಯುತ್ ಮೂಲ) 0.5 ವೋಲ್ಟಿಗೆ, ಕರೆಂಟ್ ಮಿತಿಯನ್ನು 1 ಆಂಪಿಯರಿಗೆ ಇಟ್ಟು ಆ ಲೈನಿಗೆ ಕೊಡಿ. –8 ಲೈನಿಗೆ ಕೊಡುವಾಗ ಸಪ್ಲೈಯ ಪ್ಲಸ್ ತುದಿ ಗ್ರೌಂಡಿಗೆ ಹೋಗಬೇಕು. ಅರ್ಧ ವೋಲ್ಟಿನಲ್ಲಿ ಸಿಲಿಕಾನ್ ಜಂಕ್ಷನ್‌ಗಳು ತೆರೆದುಕೊಳ್ಳುವುದಿಲ್ಲವಾದ್ದರಿಂದ ಕರೆಂಟೆಲ್ಲ ಶಾರ್ಟ್ ಇರುವ ಕಡೆಗೇ ಹರಿಯುತ್ತದೆ. ಮೀಟರನ್ನು ಮಿಲಿವೋಲ್ಟಿಗಿಟ್ಟು ತಾಮ್ರದ ಹಾದಿಯುದ್ದಕ್ಕೂ ಅಳೆಯುತ್ತಾ ಹೋದರೆ ಓದು ಇಳಿಯುತ್ತಾ ಬರುತ್ತದೆ. ಎಲ್ಲಿ ಅತಿ ಕಡಿಮೆಯೋ ಅಲ್ಲಿ ಕಳ್ಳ ಸಿಗುತ್ತಾನೆ.

ಹೊಸದು ಹಾಕುವಾಗ ಲೈನಿನ ವೋಲ್ಟೇಜಿನ ಎರಡು ಪಟ್ಟು ತಾಳುವಂಥದ್ದನ್ನು ಆರಿಸಿ: 15 ವೋಲ್ಟಿನ ಲೈನಿಗೆ 35 ವೋಲ್ಟಿನದು. ಗುರುತಿನಲ್ಲಿ ಎಚ್ಚರ. ಟ್ಯಾಂಟಲಮ್ ಮೇಲಿನ ಗುರುತು ಪ್ಲಸ್, ಅಲ್ಯೂಮಿನಿಯಂ ಎಲೆಕ್ಟ್ರೊಲಿಟಿಕ್ ಮೇಲಿನ ಪಟ್ಟಿ ಮೈನಸ್. ಅಭ್ಯಾಸಬಲದಿಂದ ತಿರುಗಿಸಿ ಹಾಕಿದ ಟ್ಯಾಂಟಲಮ್ ಬೆಂಕಿ ಹಿಡಿಯುತ್ತದೆ.

ಮೊದಲ ಸಲ 100 ವ್ಯಾಟಿನ ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ ಆನ್ ಮಾಡಿ. ಬಲ್ಬು ಪೂರ್ತಿ ಬೆಳಕಿನಲ್ಲೇ ನಿಂತರೆ ಇನ್ನೂ ಶಾರ್ಟ್ ಉಳಿದಿದೆ. ಬಲ್ಬ್ ಇದ್ದಾಗ ಲೈನುಗಳ ವೋಲ್ಟೇಜ್ ಸರಿಯಾಗಿ ಬರದು, ಅದನ್ನು ತೆಗೆದ ಮೇಲೆಯೇ ಅಳೆಯಬೇಕು. +55ನ್ನು ಮೊದಲು ನೋಡಿ, ಉಳಿದವುಗಳಿಗೆ ಅದೇ ಆಧಾರ. ಪಿಕ್ಚರ್ ಟ್ಯೂಬಿನ ಕಡೆ ಸಾಮಾನ್ಯ ಮಲ್ಟಿಮೀಟರ್ ಒಯ್ಯಲೇಬೇಡಿ: ಕ್ಯಾಥೋಡಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ವೋಲ್ಟ್ ಇರುತ್ತದೆ, ಆನೋಡಿನದು ಕಿಲೋವೋಲ್ಟುಗಳ ಲೆಕ್ಕ.

ಪ್ರಶ್ನೆ: ಇದೇ ಕಂಪನಿಯ ಉಪಕರಣವೊಂದರ ಬೋರ್ಡಿನಿಂದ ಯಾರೋ ಟ್ರಾನ್ಸಿಸ್ಟರ್ ಕಿತ್ತಿದ್ದಾರೆ. ಸರ್ವಿಸ್ ಮ್ಯಾನುಯಲ್‌ನಲ್ಲಿ 151-0190-00 ಎಂದಿದೆ. ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಯಾರಿಗೂ ಗೊತ್ತಿಲ್ಲ. – ಡೊಂಬಿವಲಿ

ಉತ್ತರ: ಅದು ಕಂಪನಿಯ ಒಳಗಿನ ನಂಬರು, ಅಂಗಡಿಯವರಿಗೆ ಗೊತ್ತಿರಬೇಕಿಲ್ಲ. 2ಎನ್3904 ಎಂದು ಕೇಳಿ, ಯಾವ ಅಂಗಡಿಯಲ್ಲೂ ಸಿಗುತ್ತದೆ. 151ರಿಂದ ಶುರುವಾದರೆ ಟ್ರಾನ್ಸಿಸ್ಟರ್, 152 ಡಯೋಡ್, 290 ಎಲೆಕ್ಟ್ರೊಲಿಟಿಕ್, 156 ಹೊರಗಿನಿಂದ ಕೊಂಡ ಐಸಿ. 155 ಎಂದಿದ್ದರೆ ಅದು ಕಂಪನಿ ತನಗಾಗಿಯೇ ಮಾಡಿಕೊಂಡ ಐಸಿ. ಅದಕ್ಕೆ ಅಂಗಡಿ ಸುತ್ತುವುದು ವ್ಯರ್ಥ, ಗುಜರಿಗೆ ಬಂದ ಅದೇ ಮಾದರಿಯ ಇನ್ನೊಂದು ಉಪಕರಣದಿಂದಲೇ ತೆಗೆಯಬೇಕು.

ಬಿಸಿ547 ಹಾಕಿದರೂ ಎಷ್ಟೋ ಕಡೆ ನಡೆಯುತ್ತದೆ, ಆದರೆ ಕಾಲುಗಳು ತಿರುಗುಮುರುಗು. ಚಪ್ಪಟೆ ಮುಖ ನಿಮ್ಮ ಕಡೆಗಿಟ್ಟರೆ 2ಎನ್3904ರದು ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬಿಸಿ547ರದು ಕಲೆಕ್ಟರ್, ಬೇಸ್, ಎಮಿಟರ್. ತಿರುಗಿಸಿ ಹಾಕಿದರೂ ಸ್ವಲ್ಪ ಗೇನ್ (ವರ್ಧನೆ) ಬರುವುದರಿಂದ ಕೆಲಸ ಮಾಡುತ್ತಿದೆಯೆಂದೇ ಅನಿಸುತ್ತದೆ, ಅದೇ ಅಪಾಯ.

ಪ್ರಶ್ನೆ: ಮಳೆಗಾಲದಲ್ಲಿ ಸಿಗ್ನಲ್ ಜನರೇಟರಿನಿಂದ ದಟ್ಟ ಹೊಗೆ ಬಂತು, ಕೆಟ್ಟ ವಾಸನೆ. ಆದರೂ ಕೆಲಸ ಮಾಡುತ್ತಿದೆ! – ವಾಸ್ಕೋ, ಗೋವಾ

ಉತ್ತರ: ಮೇನ್ಸ್ ಒಳಬರುವ ಕಡೆ ನೋಡಿ. ಪಾರದರ್ಶಕ ಜೇನುಬಣ್ಣದ ಕವಚದ ಪೇಪರ್ ಕೆಪಾಸಿಟರ್ ಸಿಡಿದಿರುತ್ತದೆ. ಕವಚ ಸಣ್ಣಗೆ ಬಿರುಕು ಬಿಟ್ಟು, ಒಳಗಿನ ಕಾಗದ ಕಡಲತೀರದ ತೇವ ಹೀರಿಕೊಳ್ಳುತ್ತದೆ. ಅದರ ಕೆಲಸ ಮೇನ್ಸ್ ತಂತಿಯ ವಿದ್ಯುತ್ ಗದ್ದಲ ತಡೆಯುವುದಷ್ಟೇ, ಹಾಗಾಗಿ ಅದಿಲ್ಲದೆಯೂ ಉಪಕರಣ ನಡೆಯುತ್ತದೆ. ಅಷ್ಟೇ ಮೈಕ್ರೋಫ್ಯಾರಡಿನ, 275 ವೋಲ್ಟ್ ಎಸಿಯ, ಎಕ್ಸ್2 (ಮೇನ್ಸ್ ತಂತಿಗಳ ನಡುವೆ ಹಾಕುವ ಸುರಕ್ಷತಾ ವರ್ಗ) ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ. ಮೇನ್ಸ್ ಲೈನಿನಿಂದ ಅರ್ಥಿಂಗಿಗೆ ಹೋಗುವ ಕೆಪಾಸಿಟರಾದರೆ ವೈ2 ವರ್ಗದ್ದೇ ಬೇಕು. ಅಲ್ಲಿ ಎಕ್ಸ್ ಹಾಕಿ ಅದು ಶಾರ್ಟ್ ಆದರೆ ಪೆಟ್ಟಿಗೆಯ ಲೋಹಕ್ಕೇ ಕರೆಂಟ್ ಬರಬಹುದು. ಅಂಟಿದ ಮಸಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ.

ಪ್ರಶ್ನೆ: ಎಚ್‌ಪಿ 3478ಎ ಮಲ್ಟಿಮೀಟರಿನ ಲಿಥಿಯಂ ಸೆಲ್ ಇಳಿಯುತ್ತಿದೆ. ಕಿತ್ತು ಹೊಸದು ಹಾಕಿದರಾಯಿತೇ? – ಠಾಣೆ

ಉತ್ತರ: ಕಿತ್ತರೆ ಕ್ಯಾಲಿಬ್ರೇಶನ್ (ಅಳತೆ ನಿಖರವಾಗಿರಲು ಮೆಮೊರಿಯಲ್ಲಿಟ್ಟ ಲೆಕ್ಕ) ಅಳಿಸಿಹೋಗುತ್ತದೆ, ಅದನ್ನು ಹಿಡಿದಿಟ್ಟಿರುವುದೇ ಆ 3 ವೋಲ್ಟಿನ ಸೆಲ್. ಜಿಪಿಐಬಿ (ಉಪಕರಣವನ್ನು ಕಂಪ್ಯೂಟರಿಗೆ ಜೋಡಿಸುವ ಸಂಪರ್ಕ) ಸೌಲಭ್ಯ ಇದ್ದರೆ ಮೊದಲು ಮೆಮೊರಿಯನ್ನು ಕಂಪ್ಯೂಟರಿಗೆ ಓದಿ ಇಟ್ಟುಕೊಳ್ಳಿ. ನಂತರ ಮೇನ್ಸ್ ಪ್ಲಗ್ ಕಿತ್ತು, ಎರಡು ಹೊಸ ಎಎ ಸೆಲ್ಲುಗಳನ್ನು ಸೀರೀಸ್‌ನಲ್ಲಿ, ಪ್ಲಸ್ ತಂತಿಗೆ 1ಎನ್5819 ಡಯೋಡ್ ಸೇರಿಸಿ, ಸೆಲ್ಲಿನ ಎರಡು ತುದಿಗಳಿಗೆ ಬೆಸೆಯಿರಿ. ತಡಮಾಡದೆ ಹಳೆಯ ಸೆಲ್ ತೆಗೆಯಿರಿ, ಕಾಲುಗಳಿರುವ ಹೊಸ ಸೆಲ್ ಕೂರಿಸಿ, ಎಎ ತಂತಿಗಳನ್ನು ಕೊನೆಗೆ ಬಿಚ್ಚಿ. ಪ್ರತಿ ಸಲ ಬೆಸುಗೆ ಕಡ್ಡಿ ತಾಗಿಸುವ ಮುನ್ನ ಅದರ ಪ್ಲಗ್ ಗೋಡೆಯಿಂದ ಕಿತ್ತಿರಲಿ. ಕಡ್ಡಿಯ ತುದಿಯಿಂದ ಸೋರುವ ಮೇನ್ಸ್ ಆ ಮೆಮೊರಿಯನ್ನು ಕೆಡಿಸಬಲ್ಲದು.