‘ಅವರವರ ದೇಶ’ಕ್ಕೆ ಹೋದವರ ಪಾಡು

ಪ್ರಿಯ ಓದುಗರೇ,

‘1923ರಲ್ಲಿ ಗ್ರೀಸ್ ಮತ್ತು ಟರ್ಕಿ ಯುದ್ಧ ಮುಗಿಸಿ, ಜನರನ್ನು ಅದಲುಬದಲು ಮಾಡಿಕೊಂಡವು. ಕ್ರೈಸ್ತರು ಗ್ರೀಸಿಗೆ, ಮುಸ್ಲಿಮರು ಟರ್ಕಿಗೆ. ಅವರವರ ದೇಶ ಸೇರಿದ ಮೇಲೆ ಕಷ್ಟ ಎಲ್ಲಿಂದ ಬಂತು?’ ಎಂದು ಕೇಳಿದ್ದೀರಿ. ಅದು ಅವರ ದೇಶ ಎಂದು ತೀರ್ಮಾನಿಸಿದವರು ಯಾರು? ಹೋದವರಂತೂ ಅಲ್ಲ.

ಆ ವರ್ಷದ ಜನವರಿ 30ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಸಹಿಯಾದ ಒಪ್ಪಂದ ನೋಡಿದ್ದು ಧರ್ಮವನ್ನು ಮಾತ್ರ. ಟರ್ಕಿಯ ನಡುನಾಡು ಕಪ್ಪಡೋಕಿಯಾದ ಎಷ್ಟೋ ಕ್ರೈಸ್ತರ ಮನೆಮಾತು ಟರ್ಕಿಷ್. ಗ್ರೀಸಿನ ಕ್ರೀಟ್ ದ್ವೀಪದ ಎಷ್ಟೋ ಮುಸ್ಲಿಮರ ಮನೆಮಾತು ಗ್ರೀಕ್. ಇಷ್ಟ ಇದೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಇಸ್ತಾಂಬುಲಿನ ಗ್ರೀಕರು, ಗ್ರೀಸಿನ ಪಶ್ಚಿಮ ಥ್ರೇಸ್ ಪ್ರಾಂತ್ಯದ ಮುಸ್ಲಿಮರಿಗೆ ಆ ಒಪ್ಪಂದದಲ್ಲಿ ವಿನಾಯಿತಿ ಸಿಕ್ಕಿತು.

ಕ್ರೈಸ್ತರಲ್ಲಿ ಬಹುಪಾಲು ಜನ ಒಪ್ಪಂದಕ್ಕೆ ಮೊದಲೇ ಜೀವ ಉಳಿಸಿಕೊಂಡು ಓಡಿಬಂದಿದ್ದರು. 1919ರಲ್ಲಿ ಟರ್ಕಿಯ ಬಂದರು ಸ್ಮಿರ್ನಾದಲ್ಲಿ (ಇಂದಿನ ಇಜ್ಮಿರ್) ಇಳಿದ ಗ್ರೀಕ್ ಸೇನೆ ಒಳನಾಡಿಗೆ ನುಗ್ಗಿ, 1922ರಲ್ಲಿ ಸೋತು ಹಿಮ್ಮೆಟ್ಟುವಾಗ ದಾರಿಯ ಊರುಗಳನ್ನು ಸುಟ್ಟಿತು. ಆ ಸೆಪ್ಟೆಂಬರಿನಲ್ಲಿ ಟರ್ಕಿಯ ಸೇನೆ ಬಂದ ಮೇಲೆ ಸ್ಮಿರ್ನಾವೇ ಹೊತ್ತಿ ಉರಿಯಿತು. ಹಿಂದೆ ಬೆಂಕಿ, ಮುಂದೆ ಸಮುದ್ರ. ಲಕ್ಷಾಂತರ ಜನ ಬಂದರಿನ ಕಟ್ಟೆಯ ಮೇಲೆ ಹಡಗಿಗೆ ಕಾದರು. ಪ್ರಾಯದ ಗಂಡಸರನ್ನು ಹಡಗು ಹತ್ತಲು ಬಿಡದೆ ಟರ್ಕಿಯ ಸೈನಿಕರು ಬಲವಂತದ ಕೂಲಿ ದಳಗಳಿಗೆ ಎಳೆದೊಯ್ದರು. ಅವರಲ್ಲಿ ತುಂಬ ಜನ ತಿರುಗಿ ಬರಲಿಲ್ಲ. ಗ್ರೀಸಿನಲ್ಲಿ ಇಳಿದವರಲ್ಲಿ ಹೆಂಗಸರು, ಮಕ್ಕಳು, ಮುದುಕರೇ ಜಾಸ್ತಿ. ದುಡಿಯುವ ಕೈ ಇಲ್ಲದ ಮನೆ ಪರದೇಶದಲ್ಲಿ ಹೇಗೆ ನಿಲ್ಲಬೇಕು, ನೀವೇ ಹೇಳಿ.

ಸುಮಾರು 50 ಲಕ್ಷ ಜನರಿದ್ದ ಬಡ ದೇಶಕ್ಕೆ 12 ಲಕ್ಷ ಜನ ಬಂದು ಬಿದ್ದರು. ಶಾಲೆ, ಚರ್ಚು, ಗೋದಾಮು ಎಲ್ಲ ತುಂಬಿದವು. ಅಥೆನ್ಸಿನ ನಾಟಕಶಾಲೆಯಲ್ಲಿ ಸಿರಿವಂತರು ಕೂತು ನಾಟಕ ನೋಡುತ್ತಿದ್ದ ಒಂದೊಂದು ಬಾಕ್ಸಿನಲ್ಲಿ ಒಂದೊಂದು ಕುಟುಂಬ ಸಂಸಾರ ಹೂಡಿತು. ಟೈಫಸ್, ಮಲೇರಿಯಾಗಳಿಗೆ ಎಷ್ಟೋ ಮಕ್ಕಳು ಬಲಿಯಾದರು. ಇಷ್ಟಾದರೂ ಸ್ಥಳೀಯರು ಇವರನ್ನು ‘ಟರ್ಕರ ಬೀಜ’ ಎಂದು ಹಂಗಿಸಿದರು. ಅತ್ತ ಟರ್ಕಿಗೆ ಹೋದವರು ಮೂರೂವರೆ ಲಕ್ಷಕ್ಕೂ ಜಾಸ್ತಿ. ಅಲ್ಲಿ ಕ್ರೀಟಿನವರಿಗೆ ಸಿಕ್ಕ ಹೆಸರು ‘ಅರ್ಧ ಕಾಫಿರ’. ತಮ್ಮವರು ಅಂದುಕೊಂಡವರ ಬಾಯಲ್ಲೇ ಈ ಮಾತು!

ಆಸ್ತಿಯ ವಿಷಯವನ್ನೂ ಕೇಳಿದ್ದೀರಿ. ಬಿಟ್ಟುಬಂದ ಮನೆ, ಹೊಲಕ್ಕೆ ಬೆಲೆ ಕಟ್ಟಿ ಪರಿಹಾರ ಕೊಡಬೇಕೆಂದು ಒಪ್ಪಂದದಲ್ಲೇ ಇತ್ತು. 1930ರಲ್ಲಿ ಎರಡೂ ಸರ್ಕಾರಗಳು ತಮ್ಮತಮ್ಮಲ್ಲೇ ಆ ಲೆಕ್ಕ ಚುಕ್ತಾ ಮಾಡಿಕೊಂಡವು. ಕಳೆದುಕೊಂಡವರಿಗೆ ತಕ್ಕ ಬೆಲೆ ಸಿಗಲೇ ಇಲ್ಲ. ಹಾಗಾದರೆ ಊರಿಗೇ ವಾಪಸ್ ಹೋಗೋಣ ಅಂದರೆ ಅದಕ್ಕೂ ದಾರಿ ಇರಲಿಲ್ಲ. ಅಲ್ಲಿನ ಸರ್ಕಾರದ ಅಪ್ಪಣೆ ಇಲ್ಲದೆ ಮರಳಿ ಬಂದು ನೆಲೆಸುವಂತಿಲ್ಲ ಎಂದು ಒಪ್ಪಂದದ ಮೊದಲನೇ ಕಲಮಿನಲ್ಲೇ ಬರೆದಿಟ್ಟಿದ್ದರು.

– ಸಂಪಾದಕ