ರ‍್ಯಾಂಪ್ ಇದ್ದರೆ ಸಾಲದು, ಹತ್ತಲು ಬರಬೇಕು

ದಾವಣಗೆರೆಯಿಂದ ಪತ್ರ ಬರೆದ ಸಹೋದರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರ ಇಷ್ಟು: ನೀವು ಸಿವಿಲ್ ಓದಿ, ಕಂಟ್ರಾಕ್ಟರ್ ಒಬ್ಬರ ಬಳಿ ಸೈಟ್ ಎಂಜಿನಿಯರ್ ಆಗಿದ್ದೀರಿ. ಕಟ್ಟಡಗಳು ಅಂಗವಿಕಲರಿಗೂ ವಯಸ್ಸಾದವರಿಗೂ ಬಳಸಲು ಬರುವಂತಿವೆಯೇ ಎಂದು ನೋಡಿ ಸಲಹೆ ಕೊಡುವ ಆಕ್ಸೆಸಿಬಿಲಿಟಿ ಕನ್ಸಲ್ಟೆಂಟ್ ಆಗಬೇಕೆಂಬ ಆಸೆ ನಿಮ್ಮದು. ‘ಯಾವ ಕೋರ್ಸ್ ಮಾಡಲಿ? ಇದರಲ್ಲಿ ಹೊಟ್ಟೆ ತುಂಬುತ್ತಾ?’ ಎಂದು ಕೇಳಿದ್ದೀರಿ.

ಕೋರ್ಸ್ ಆಮೇಲೆ ನೋಡೋಣ. ನಿಮ್ಮ ಕೈಯಲ್ಲಿ ಈಗಾಗಲೇ ಇರುವುದು ಅಳತೆಯ ಟೇಪು, ಅದು ಚಿಕ್ಕ ವಿಷಯವಲ್ಲ. ಈ ಕ್ಷೇತ್ರಕ್ಕೆ ಬರುವ ಹಲವರಿಗೆ ನಿಯಮ ಬಾಯಿಪಾಠ ಇರುತ್ತದೆ, ಆದರೆ ಅಳತೆ ಎಲ್ಲಿ ಕಳೆದುಹೋಗುತ್ತದೆ ಎಂಬುದು ಗೊತ್ತಿರುವುದಿಲ್ಲ. ನಿಮಗೆ ಗೊತ್ತು. ಪ್ಲಾನಿನಲ್ಲಿ ಬಾಗಿಲು 900 ಮಿಲಿಮೀಟರ್ ಎಂದು ಬರೆದಿರುತ್ತದೆ. ಅದು ಗೋಡೆಯ ಕಿಂಡಿಯ ಅಳತೆ. ಎರಡೂ ಬದಿ ಚೌಕಟ್ಟಿಗೆ 60-60 ಹೋದರೆ 780. ತೆರೆದ ಬಾಗಿಲಿನ ದಪ್ಪವನ್ನೂ ಕಳೆಯಿರಿ. ವೀಲ್‌ಚೇರ್‌ಗೆ ಉಳಿಯುವುದು ಸುಮಾರು 745. ನಿಯಮ ಕೇಳುವ 900 ಪೂರ್ತಿ ಖಾಲಿ ಇರಬೇಕಾದ ಜಾಗ. ಗಾರೆಯವರ ಹತ್ತಿರ ನಿಂತು ಈ ಮಾತು ಹೇಳಬಲ್ಲವರು ನಮಗೆ ಬೇಕು.

ರ‍್ಯಾಂಪ್ ಲೆಕ್ಕವೂ ಹಾಗೆಯೇ. ಮೂರು ಮೆಟ್ಟಿಲು ಅಂದರೆ 450 ಮಿಲಿಮೀಟರ್ ಎತ್ತರ. 1:12 ಇಳಿಜಾರು, ಅಂದರೆ ಒಂದು ಅಡಿ ಏರಲು 12 ಅಡಿ ಉದ್ದ, ಕೊಟ್ಟರೆ 5.4 ಮೀಟರ್ ಉದ್ದ ಬೇಕು, ಹತ್ತಿರ ಹತ್ತಿರ 18 ಅಡಿ. ಮೇಲೂ ಕೆಳಗೂ ವೀಲ್‌ಚೇರ್ ತಿರುಗಿಸಲು 1.5 ಮೀಟರ್ ಸಮತಟ್ಟು ಜಾಗ ಬೇರೆ. ಕಟ್ಟಡ ಎದ್ದ ಮೇಲೆ ಬಾಗಿಲ ಮುಂದೆ ಆರೇಳು ಅಡಿ ಮಾತ್ರ ಉಳಿದಿದ್ದರೆ? ಅಷ್ಟರಲ್ಲೇ ಕಾಂಕ್ರೀಟ್ ಸುರಿದು ‘ರ‍್ಯಾಂಪ್ ಆಯ್ತು’ ಎನ್ನುತ್ತಾರೆ. ಅದರಲ್ಲಿ ಒಬ್ಬರೇ ಹತ್ತಲಾಗುವುದಿಲ್ಲ. ಇಳಿಯುವುದು ಇನ್ನೂ ಅಪಾಯ. ಪ್ಲಾನು ಕಾಗದದ ಮೇಲಿದ್ದಾಗಲೇ ನೆಲಗಟ್ಟಿನ ಎತ್ತರ ಇಳಿಸಿದ್ದರೆ ರ‍್ಯಾಂಪೇ ಬೇಕಾಗುತ್ತಿರಲಿಲ್ಲ. ಅದಕ್ಕೇ ಕಟ್ಟಿದ ಮೇಲೆ ತಪ್ಪು ಹುಡುಕುವ ಆಡಿಟ್‌ಗಿಂತ ಡ್ರಾಯಿಂಗ್ ಹಂತದಲ್ಲಿ ಆರ್ಕಿಟೆಕ್ಟ್ ಪಕ್ಕ ಕೂರುವ ಕೆಲಸಕ್ಕೆ ಜಾಸ್ತಿ ಬೆಲೆ ಇದೆ ಎಂದು ನಾನು ನಂಬಿದ್ದೇನೆ. ಆಡಿಟ್ ವರದಿಯನ್ನು ಕಪಾಟಿನಲ್ಲಿಟ್ಟು ಮರೆಯುವುದು ಸುಲಭ.

ಟಾಯ್ಲೆಟ್ ಬಗ್ಗೆ ಒಂದು ಮಾತು, ಏಕೆಂದರೆ ಜನ ಮನೆಯಿಂದ ಹೊರಗೆ ಹೊರಡುವುದೇ ಬೇಡ ಅಂದುಕೊಳ್ಳುವುದು ಇದೇ ಕಾರಣಕ್ಕೆ. ಬಾಗಿಲು ಒಳಗೆ ತೆರೆಯುವಂತಿದ್ದರೆ, ಒಳಗೆ ಬಿದ್ದವರ ಮೈಯೇ ಅದಕ್ಕೆ ಅಡ್ಡ ಬರುತ್ತದೆ, ಹೊರಗಿನವರು ತೆಗೆಯಲಾಗುವುದಿಲ್ಲ. ನೀರು ಹೊರಗೆ ಬರದಿರಲಿ ಎಂದು ನಾವು ನೆಲವನ್ನು ಒಂದು ಇಂಚು ಕೆಳಗೆ ಕೂರಿಸುತ್ತೇವಲ್ಲ, ಆ ಒಂದು ಇಂಚಿಗೇ ವೀಲ್‌ಚೇರ್‌ನ ಮುಂದಿನ ಚಿಕ್ಕ ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ. ಬಾಗಿಲ ಬಳಿ ಜಾಲರಿ ಹಾಕಿದ ಸಣ್ಣ ಚರಂಡಿ ಕೊಟ್ಟರೆ ನೆಲ ಸಮ ಇರುತ್ತದೆ, ನೀರೂ ಹೊರಗೆ ಬರುವುದಿಲ್ಲ.

ಇನ್ನು ಹೊಟ್ಟೆಪಾಡು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು. ಅದರ 44ನೇ ಸೆಕ್ಷನ್ ಪ್ರಕಾರ ನಿಯಮಕ್ಕೆ ಹೊಂದದ ಪ್ಲಾನಿಗೆ ಅನುಮತಿ ಕೊಡುವಂತಿಲ್ಲ, ಕಟ್ಟಡ ಮುಗಿದ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. 2024ರ ನವೆಂಬರ್‌ನಲ್ಲಿ ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಗಟ್ಟಿಯಾಗಿ ಹೇಳಿತು: ಈ ಕಾಯ್ದೆಯಡಿ ಮಾಡಿದ 2017ರ ನಿಯಮಗಳಲ್ಲಿ 15ನೆಯದು ಬರೀ ಸಲಹೆಯಂತಿದೆ, ಅದು ಕಾಯ್ದೆಗೆ ಒಪ್ಪುವುದಿಲ್ಲ, ಕಡ್ಡಾಯ ನಿಯಮ ಮಾಡಿ ಎಂದು. ಹಾಗಾಗಿ ಕೆಲಸ ಹೆಚ್ಚುತ್ತದೆ ಎಂಬ ಭರವಸೆ ನನಗಿದೆ. ಆದರೆ ದಾವಣಗೆರೆಯಲ್ಲಿ ಕುಳಿತು ಮೊದಲ ವರ್ಷವೇ ಇದರಿಂದ ಸಂಸಾರ ನಡೆಸುತ್ತೇನೆ ಅಂದುಕೊಳ್ಳಬೇಡಿ. ಈಗಿನ ಕೆಲಸ ಬಿಡಬೇಡಿ. ಆಸ್ಪತ್ರೆ, ಕಾಲೇಜು, ಬೆಂಗಳೂರಿನ ಐಟಿ ಕ್ಯಾಂಪಸ್‌ಗಳಿಗೆ ಕೆಲಸ ಮಾಡುವ ಆರ್ಕಿಟೆಕ್ಟ್‌ಗಳ ಪರಿಚಯ ಮಾಡಿಕೊಳ್ಳಿ. ಕೇಂದ್ರದ ನಗರ ವ್ಯವಹಾರಗಳ ಸಚಿವಾಲಯದ 2021ರ ಆಕ್ಸೆಸಿಬಿಲಿಟಿ ಮಾರ್ಗಸೂಚಿಯನ್ನು ಸೈಟಿಗೇ ಒಯ್ದು, ಗೋಡೆಗೆ ಹೋಲಿಸುತ್ತಾ ಓದಿ. ಐಎಎಪಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಕಟ್ಟಡಗಳ ಸುಗಮ್ಯತೆಗೇ ಸಿಪಿಎಬಿಇ ಎಂಬ ಪರೀಕ್ಷೆ ನಡೆಸುತ್ತದೆ. ಸ್ವಲ್ಪ ಅನುಭವ ಆದ ಮೇಲೆ ಅದನ್ನು ಬರೆಯಬಹುದು.

ಅದಕ್ಕಿಂತ ಮೊದಲು ಒಂದು ಕೆಲಸ ಮಾಡಿ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿನಲ್ಲಿ ಅವರ ಮೇಲೆ ಒಬ್ಬರು. ಅವರೂ ಅಂಗವಿಕಲರೇ. ಅವರನ್ನು ಕಂಡು, ವೀಲ್‌ಚೇರ್ ಬಳಸುವ ಒಬ್ಬರು, ಕಣ್ಣು ಕಾಣದ ಒಬ್ಬರ ಜೊತೆ ನಿಮ್ಮೂರ ಬಸ್ ನಿಲ್ದಾಣಕ್ಕೆ ಹೋಗಿ. ನೀವು ಮುಂದೆ ನಡೆಯಬೇಡಿ, ಅವರ ಹಿಂದೆ ಹೋಗಿ. ಕಣ್ಣು ಕಾಣದವರಿಗೆಂದು ನೆಲಕ್ಕೆ ಹಾಕುವ ಉಬ್ಬು ಟೈಲ್ಸ್‌ನಲ್ಲಿ ಪಟ್ಟೆ ಅಂದರೆ ನಡೆ, ಚುಕ್ಕಿ ಅಂದರೆ ನಿಲ್ಲು. ಆ ಪಟ್ಟೆ ಸೀದಾ ಕಂಬಕ್ಕೆ ಹೋಗಿ ಮುಟ್ಟಿದರೆ ಏನಾಗುತ್ತದೆ ಎಂದು ಅವರ ಕೋಲಿನ ಸದ್ದೇ ನಿಮಗೆ ತಿಳಿಸುತ್ತದೆ.

ಮುಂದೆ ನಿಮ್ಮದೇ ಕೊಟೇಶನ್ ಬರೆಯುವಾಗ, ಹೀಗೆ ಜೊತೆಗೆ ಬಂದು ಪರೀಕ್ಷಿಸುವವರ ಫೀಯನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿ. ಓಡಾಟದ ಆಟೋ ಖರ್ಚು ಕೊಟ್ಟು ಸುಮ್ಮನಾಗಬೇಡಿ. ಅವರ ಅನುಭವವನ್ನೇ ನೀವು ಸಲಹೆ ಎಂದು ಮಾರುತ್ತೀರಿ, ಅಲ್ವಾ? ಯಾರಾದರೂ ಗಿರಾಕಿ ಆ ಸಾಲು ಹೊಡೆದುಹಾಕಿ ಎಂದರೆ ಬೇರೆ ಯಾವುದನ್ನಾದರೂ ಕಡಿಮೆ ಮಾಡಿ, ಅದನ್ನು ಬಿಡಬೇಡಿ.

– ಸಂಪಾದಕ