ಉಪ್ಪು ಹೀರುವ ಗಿಡ ಹಾಕಿದರೆ ಸವಳು ಹೋಗುತ್ತಾ?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕು, ಕಾಲುವೆ ನೀರಿನ ಎರೆ ಹೊಲ. ಎರಡು ಎಕರೆ ಸವಳಾಗಿದೆ. ಬೇಸಿಗೆಯಲ್ಲಿ ಬಿಳಿ ಪುಡಿ ಮೇಲೇಳುತ್ತದೆ, ಭತ್ತದ ಸಸಿ ಸುಟ್ಟುಹೋಗುತ್ತದೆ. ಉಪ್ಪು ಹೀರುವ ಗಿಡಗಳಿವೆಯಂತೆ. ಅವನ್ನು ಹಾಕಿದರೆ ಸಾಕಾ?

ಉತ್ತರ: ಗಿಡ ಹಾಕಿ, ಖಂಡಿತ ಉಪಯೋಗವಿದೆ. ಆದರೆ ಗಿಡವೇ ಉಪ್ಪನ್ನೆಲ್ಲ ಖಾಲಿ ಮಾಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸುಮ್ನೆ ಲೆಕ್ಕ ಹಾಕಿ ನೋಡಿ. ಒಂದು ಎಕರೆಯಲ್ಲಿ ಮೇಲಿನ ಒಂದು ಅಡಿ ಮಣ್ಣು ಸುಮಾರು 1,600 ಟನ್ ತೂಗುತ್ತದೆ. ಅದರಲ್ಲಿ ಶೇ 0.5ರಷ್ಟು ಉಪ್ಪಿದ್ದರೂ 8 ಟನ್ ಆಯಿತು. ಸುಯೇಡಾದಂಥ ಉಪ್ಪು ಹೀರುವ ಗಿಡ ಬೆಳೆಸಿ, 2 ಟನ್ ಒಣ ಸೊಪ್ಪು ಕೊಯ್ದು ಹೊಲದಿಂದ ಆಚೆ ಸಾಗಿಸಿದಿರಿ ಅನ್ನೋಣ. ಅದರ ಜೊತೆ ಹೋಗುವ ಉಪ್ಪು ಸುಮಾರು ಅರ್ಧ ಟನ್. ಇತ್ತ ಕಾಲುವೆ ನೀರಲ್ಲೂ ಉಪ್ಪಿರುತ್ತದೆ. ಲೀಟರಿಗೆ 300 ಮಿಲಿಗ್ರಾಂ ಅಂದುಕೊಂಡರೂ, ಒಂದು ಭತ್ತದ ಬೆಳೆಗೆ ಕೊಡುವ ನಾಲ್ಕು ಅಡಿ ನೀರು ಎಕರೆಗೆ ಸುಮಾರು ಒಂದೂವರೆ ಟನ್ ಉಪ್ಪು ತಂದು ಹಾಕುತ್ತದೆ. ತೆಗೆದದ್ದಕ್ಕಿಂತ ಬಂದದ್ದೇ ಜಾಸ್ತಿ, ಅಲ್ವಾ?

ಹಾಗಾಗಿ ಮೊದಲು ನೀರು ಬಸಿದು ಹೋಗಲು ದಾರಿ ಬೇಕು. ನಿಮ್ಮ ಕಡೆಯ ತುಂಗಭದ್ರಾ ಎಡದಂಡೆ ಕಾಲುವೆಯ ಬಹಳಷ್ಟು ಜಮೀನು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆಂದು ಗುರುತಾಗಿತ್ತು. ಅಲ್ಲೆಲ್ಲ ಭತ್ತ ಬಂತು, ನೆಲದಡಿಯ ನೀರು ಮೇಲೇರಿತು. ಆ ನೀರು ಆವಿಯಾದಾಗ ಉಳಿಯುವುದೇ ನಿಮ್ಮ ಬಿಳಿ ಪುಡಿ. ಬಸಿಗಾಲುವೆ ತೋಡಿ, ಸಾಧ್ಯವಾದರೆ ಅಕ್ಕಪಕ್ಕದವರೂ ಸೇರಿ ನೆಲದೊಳಗೆ ತೂತಿನ ಪೈಪ್ ಹಾಕಿಸಿ. ಒಬ್ಬರೇ ಮಾಡಿದರೆ ಮೇಲಿನ ಹೊಲದ ನೀರು ಮತ್ತೆ ನಿಮ್ಮಲ್ಲಿಗೇ ಇಳಿಯುತ್ತದೆ. ಆಮೇಲೆ ಮಡಿ ಕಟ್ಟಿ ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ಕೆಳಗೆ ತೊಳೆಯಬೇಕು.

ಗಿಡದ ನಿಜವಾದ ಕೆಲಸ ಇಲ್ಲಿ ಶುರುವಾಗುತ್ತದೆ. ಬಿಗಿದ ಎರೆ ಮಣ್ಣನ್ನು ಬೇರು ಸಡಿಲಿಸುತ್ತದೆ, ತೊಳೆಯುವ ನೀರಿಗೆ ದಾರಿಯಾಗುತ್ತದೆ. ಮಣ್ಣಿಗೆ ನೆರಳಿದ್ದರೆ ಉಪ್ಪು ಮೇಲೆ ಬರುವುದೂ ಕಡಿಮೆ. ಬೇರು ಉಸಿರಾಡಿ ಬಿಡುವ ಇಂಗಾಲದ ಡೈಆಕ್ಸೈಡ್ ಮಣ್ಣಲ್ಲಿರುವ ಸುಣ್ಣವನ್ನು ಕರಗಿಸುತ್ತದೆ. ಆ ಸುಣ್ಣ ಉಪ್ಪಿನಲ್ಲಿರುವ ಸೋಡಿಯಂ ಅನ್ನು ಮಣ್ಣಿನ ಕಣದಿಂದ ಬಿಡಿಸುತ್ತದೆ.

ತೀರಾ ಬೆಳ್ಳಗಿರುವ ಜಾಗದಲ್ಲಿ ರೋಡ್ಸ್ ಹುಲ್ಲು ಹಾಕಿ. ನೀರು ನಿಲ್ಲುವ ಕಡೆ ಪ್ಯಾರಾ ಹುಲ್ಲು ಬರುತ್ತದೆ. ದನಕ್ಕೆ ಮೇವೂ ಆಯಿತು. ಸವಳು ಕಡಿಮೆ ಇರುವ ಕಡೆ ಹಸಿರೆಲೆ ಗೊಬ್ಬರದ ಗಿಡವಾದ ಡಯಾಂಚ ಬಿತ್ತಿ, 45-50 ದಿನಕ್ಕೆ ಹೂ ಬರುವ ಮುಂಚೆ ಉಳುಮೆ ಮಾಡಿ ಮಣ್ಣಿಗೆ ಸೇರಿಸಿ. ಬದುವಿಗೆ ಹೊಂಗೆ, ಕರಿಜಾಲಿ ಸಾಕು. ಬಳ್ಳಾರಿ ಜಾಲಿ ಸವಳಲ್ಲೂ ಬೆಳೆಯುತ್ತದೆ ನಿಜ, ಆದರೆ ಒಮ್ಮೆ ಹೊಲಕ್ಕೆ ಹೊಕ್ಕರೆ ತೆಗೆಯುವುದು ಬಲು ಕಷ್ಟ. ಅದು ಬೇಡವೇ ಬೇಡ.

ಇವೆಲ್ಲಕ್ಕಿಂತ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಪಿಎಚ್ 8.5 ದಾಟಿ, ಸೋಡಿಯಂ ಕೂಡ ಹೆಚ್ಚಿದ್ದರೆ ಅದು ಕ್ಷಾರದ ಮಣ್ಣು. ಅದಕ್ಕೆ ಸೋಡಿಯಂ ಬಿಡಿಸುವ ಜಿಪ್ಸಂ ಎಂಬ ಖನಿಜ ಬೇಕಾಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಸವಳಿನ ಮೇಲೇ ಕೆಲಸ ಮಾಡುತ್ತಾರೆ. ವರದಿ ಹಿಡಿದು ಅಲ್ಲಿಗೆ ಹೋದರೆ ಎಕರೆಗೆ ಎಷ್ಟು ಜಿಪ್ಸಂ ಎಂದು ಕೇಳಿಕೊಂಡು ಬರಬಹುದು.